ಮುಂಬೈ ಮಳೆ ಚರ್ಚೆ: ಗುಂಪಿನವರ ಗಮನಕ್ಕೆ

ನಮಸ್ಕಾರ. ಮುಂಬೈಯಲ್ಲಿ ಮಳೆ ಹೆಚ್ಚಾಯಿತೋ ಕಡಿಮೆಯಾಯಿತೋ, ಸೆಖೆ ಏರಿತೋ ಎಂದು ಎರಡು ದಿನದಿಂದ ಇಲ್ಲಿ ಜಗಳ. ಒಂದೆರಡು ವರ್ಷದ ಅಂಕಿ ಹಿಡಿದು ವಾದಿಸಬೇಡಿ, ಕನಿಷ್ಠ 30 ವರ್ಷದ್ದು ಬೇಕು. ಯಾವ ಹವಾಮಾನ ಕೇಂದ್ರದ ಅಳತೆ ಎಂಬುದನ್ನೂ ಬರೆಯಿರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಅದೇ ಊರಿನ ಕೊಲಾಬಾದಲ್ಲಿ ನೂರೂ ದಾಟಿರಲಿಲ್ಲ! ಕಾರವಾರದ ಮಳೆಗೂ ಶಿರಸಿಯದಕ್ಕೂ ತಾಳೆಯಾಗದ್ದು ನಮಗೇನು ಹೊಸದಲ್ಲವಲ್ಲ.

ಸೆಖೆಯ ಲೆಕ್ಕಕ್ಕೆ ಮಧ್ಯಾಹ್ನದ ಬಿಸಿ ಮಾತ್ರ ಸಾಲದು, ರಾತ್ರಿಯ ಕನಿಷ್ಠವನ್ನೂ ನೋಡಿ. ಕಾಂಕ್ರೀಟು ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ನಗರ ಬಿಸಿಯಾದದ್ದು ಅಲ್ಲೇ ಗೊತ್ತಾಗುವುದು.

ಮನೆಯಲ್ಲಿ ಮಳೆಮಾಪಕ ಇಟ್ಟವರು ಬೆಳಿಗ್ಗೆ 8.30ಕ್ಕೇ ಅಳೆದು ಇಲ್ಲಿ ಹಾಕಿ. ಚಹಾ ಆಮೇಲೆ.