ಆಟದ ಸುದ್ದೀಲೂ ಬರೀ ರಾಜಕೀಯ
ಮಾನ್ಯರೇ,
ಬೇಸ್‌ಬಾಲ್ ಸುದ್ದೀನೂ ಈಗ ರಾಜಕೀಯದ ಜಗಳ ಆಗೋಗಿದೆ. 2025ರ ಜುಲೈನಲ್ಲಿ ಟ್ರಂಪ್, ಅಮೆರಿಕದ ಬೇಸ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ಮತ್ತೆ ‘ಇಂಡಿಯನ್ಸ್’ (ಅಂದ್ರೆ ಅಲ್ಲಿನ ಮೂಲನಿವಾಸಿಗಳು) ಅಂತ ಹಳೇ ಹೆಸರು ಇಟ್ಕೋಬೇಕು ಅಂದಿದ್ದೇ ತಡ, ಟಿವಿ ಪೇಪರ್ ಎಲ್ಲಾ ಕಡೆ ಯಾರು ಪರ ಯಾರು ವಿರೋಧ ಅನ್ನೋದೇ ಚರ್ಚೆ, ಆ ಹಳೇ ಹೆಸರಿನ ವಿರುದ್ಧ ಅಲ್ಲಿನ ಮೂಲನಿವಾಸಿಗಳು ದಶಕಗಟ್ಟಲೆ ಪ್ರತಿಭಟನೆ ಮಾಡಿದ್ದು, ಸ್ಟೇಡಿಯಂ ಹತ್ರದ ಸೇತುವೆ ಮೇಲಿರೋ ದೊಡ್ಡ ಕಲ್ಲಿನ ಕಾವಲುಗಾರರ ಮೂರ್ತಿಗಳಿಂದ ಹೊಸ ಹೆಸರು ಬಂದಿದ್ದು ಎಷ್ಟು ಜನಕ್ಕೆ ಗೊತ್ತಾಯ್ತು? ನಿಜವಾಗಿ ಆಟಾನೇ ಬದಲಾಯಿಸಿದ್ದು 2023ರ ಪಿಚ್ ಕ್ಲಾಕ್, ಅಂದ್ರೆ ಇಷ್ಟು ಸಮಯದೊಳಗೆ ಚೆಂಡು ಎಸೀಬೇಕು ಅನ್ನೋ ನಿಯಮ. ಅದರಿಂದ ಮೂರು ಗಂಟೆ ದಾಟ್ತಿದ್ದ ಮ್ಯಾಚು ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳೀತು (ನಂಗಂತೂ ಹಳೇ ನಿಧಾನಾನೇ ಇಷ್ಟ ಬಿಡಿ). ಇಂಥ ಸುದ್ದೀನ ದಯವಿಟ್ಟು ಕ್ರೀಡಾ ವರದಿಗಾರರ ಕೈಲಿ ಬರೆಸಿ, ಪಕ್ಕದಲ್ಲೊಂದು ಬಾಕ್ಸ್‌ನಲ್ಲಿ ಹಿನ್ನೆಲೆ ಹಾಕಿ.
– ಒಬ್ಬ ಓದುಗ, ಮೈಸೂರು