ಸುಲ್ತಾನ್ ಬತ್ತೇರಿಯ ಕಥೆ ಬಿದನೂರು ನಗರದ ಕೋಟೆಯಿಂದ ಶುರುವಾಗಲಿ

ಮಾನ್ಯರೇ,

ಕಳೆದ ತಿಂಗಳು ತೀರ್ಥಹಳ್ಳಿಯಿಂದ ನಾವು ಹದಿನಾಲ್ಕು ಮಂದಿ, ಹೆಚ್ಚಿನವರು ನಿವೃತ್ತ ಶಿಕ್ಷಕರು, ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಹೋಗಿ, ಗೈಡ್ ಯುವತಿಯೊಬ್ಬರ ಜೊತೆಯಲ್ಲಿ ಆ ಊರಿನ ಹಳೆಯ ಸ್ಥಳಗಳನ್ನು ದಿನವಿಡೀ ನೋಡಿ ಬಂದೆವು. ಮದುವೆಗೆಂದು, ಆಸ್ಪತ್ರೆಗೆಂದು ಹತ್ತಾರು ಸಲ ಹೋಗಿ ಬಂದ ಊರಾದರೂ ಅದನ್ನು ನೋಡುವುದಕ್ಕೆಂದೇ ಹೋದದ್ದು ಇದೇ ಮೊದಲು.

ಆ ಯುವತಿಗೆ ತನ್ನ ಊರಿನ ಮೇಲೆ ಎಷ್ಟು ಅಕ್ಕರೆಯಿತ್ತು ಎಂಬುದು ಅವರ ಪ್ರತಿ ಮಾತಿನಲ್ಲೂ ಕಾಣುತ್ತಿತ್ತು. ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹದ ಎದುರು ನಿಲ್ಲಿಸಿ, ಪೀಠದ ಮೇಲಿನ ಶಾಸನವನ್ನೂ ಆಳುಪ ಅರಸ ಕುಂದವರ್ಮನನ್ನೂ ಪರಿಚಯಿಸಿದರು. ಬಲ್ಮಠದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಥೆ ಹೇಳುವಾಗ, 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಮತ್ತು 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಜೊತೆಗೆ 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯ ಪ್ರಸ್ತಾಪವೂ ಬಂತು. ನನ್ನ ಮನೆಯ ಮಾಡು ನೆನಪಾಗಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಒಡೆದ ಹೆಂಚಿನ ಬೆನ್ನಿನ ಮೇಲೆ ಕಾಣುವ ಮಂಗಳೂರೆಂಬ ಉಬ್ಬಕ್ಷರಗಳ ಬಗ್ಗೆ ನಾನು ಹೇಳಿದಾಗ ಅವರು ಬಹಳ ಸಂತೋಷಪಟ್ಟರು.

ಸಂಜೆ ಬೋಳೂರಿನ ನದಿ ದಡದಲ್ಲಿರುವ ಹಳೆಯ ಕಾವಲು ಬುರುಜು, ಸುಲ್ತಾನ್ ಬತ್ತೇರಿಗೆ ಹೋದೆವು. ಕಪ್ಪು ಕಲ್ಲಿನ ಆ ಕಟ್ಟಡ ಹೊರಗಿನಿಂದ ಪುಟ್ಟದು. ಮೆಟ್ಟಿಲು ಹತ್ತಿ ಗೋಡೆಯ ಕಿಂಡಿಗೆ ಕಣ್ಣಿಟ್ಟರೆ ನದಿ ಇಷ್ಟೇ ಅಗಲದ ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿಯೊಳಗೆ ದೋಣಿಯೊಂದು ಬಂದು ಮರೆಯಾಗುವವರೆಗೆ ನಾವು ಒಬ್ಬೊಬ್ಬರಾಗಿ ಕಾದು ನೋಡಿದೆವು. ಶತ್ರುಗಳ ಹಡಗುಗಳು ನದಿಯೊಳಕ್ಕೆ ನುಗ್ಗದಂತೆ ತಡೆಯಲು 1784ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದನೆಂದು ಗೈಡ್ ವಿವರಿಸಿ ಮಾತು ಮುಗಿಸಿದರು.

ನಾನು ಈ ಪತ್ರ ಬರೆಯುತ್ತಿರುವುದು ಅಲ್ಲಿ ಹೇಳದೆ ಉಳಿದ ಸಂಗತಿಗಾಗಿ. 1763ರಲ್ಲಿ ಹೈದರ್ ಅಲಿ ಬಿದನೂರನ್ನು, ಅಂದರೆ ನಮ್ಮ ಹೊಸನಗರ ತಾಲ್ಲೂಕಿನ ಇಂದಿನ ನಗರವನ್ನು, ಕೆಳದಿಯ ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡದ್ದರಿಂದಲೇ ಮಂಗಳೂರು ಬಂದರು ಮೈಸೂರಿನ ಕೈ ಸೇರಿತು. ಅದಕ್ಕೂ ಹಿಂದೆ, 1650ರ ದಶಕದಲ್ಲಿ, ಪೋರ್ಚುಗೀಸರ ಕೈಯಿಂದ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡವನು ಇದೇ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕ. 1783ರ ಆರಂಭದಲ್ಲಿ ಇಂಗ್ಲಿಷರು ಘಟ್ಟ ಹತ್ತಿ ಬಂದು ಬಿದನೂರನ್ನು ಹಿಡಿದರು. ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಪಡೆದ ಟಿಪ್ಪು, ಅಲ್ಲಿಂದ ನೇರ ಘಟ್ಟ ಇಳಿದು, ಇಂಗ್ಲಿಷರ ವಶದಲ್ಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಆ ಮುತ್ತಿಗೆ ಮುಗಿದ ಮೇಲೆ 1784ರ ಮಾರ್ಚ್ 11ರಂದು ಇಬ್ಬರ ನಡುವೆ ಮಂಗಳೂರು ಒಪ್ಪಂದವಾಯಿತು. ಬತ್ತೇರಿ ಕಟ್ಟಿದ್ದೂ ಅದೇ ವರ್ಷ. ಹೀಗಿರುವಾಗ ಆ ಕಿಂಡಿಯ ಕಥೆಯನ್ನು ನದಿಯ ಕಡೆಯಿಂದ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ.

ಇದರಲ್ಲಿ ಆ ಯುವತಿಯ ತಪ್ಪು ಎಳ್ಳಷ್ಟೂ ಇಲ್ಲ. ನಾನು ಇಷ್ಟನ್ನು ಹೇಳಿದಾಗ ಅವರು ಪುಸ್ತಕ ತೆಗೆದು ಗುರುತು ಹಾಕಿಕೊಂಡು, “ನಗರಕ್ಕೆ ಹೋದರೆ ತೋರಿಸುವವರು ಯಾರಾದರೂ ಸಿಗ್ತಾರಾ ಟೀಚರ್?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ವರ್ಷದ ಹಿಂದೆ ಮೊಮ್ಮಕ್ಕಳನ್ನು ಕರೆದುಕೊಂಡು ನಮ್ಮ ಜಿಲ್ಲೆಯ ಸ್ಮಾರಕವೊಂದಕ್ಕೆ ಹೋಗಿದ್ದಾಗ, ಅಲ್ಲಿದ್ದ ಒಂದೇ ಫಲಕದ ಅಕ್ಷರಗಳು ಅಳಿಸಿಹೋಗಿದ್ದವು, ವಿವರಿಸುವವರೂ ಇರಲಿಲ್ಲ. ಮಕ್ಕಳು ಅರ್ಧ ಗಂಟೆ ಕಲ್ಲಿನ ಮೇಲೆ ಓಡಾಡಿ, ಫೋಟೊ ತೆಗೆಸಿಕೊಂಡು ಬಂದರು. ಆ ಬೇಸರ ನನ್ನಲ್ಲಿ ಇನ್ನೂ ಇದೆ.

ಆದ್ದರಿಂದ ಶಿವಮೊಗ್ಗ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಸಂಬಂಧಪಟ್ಟವರು ಸೇರಿ ಒಂದೇ ಪ್ರವಾಸವನ್ನು ರೂಪಿಸಬೇಕೆಂದು ಕೋರುತ್ತೇನೆ. ಮೊದಲ ದಿನ ಕೆಳದಿ, ಇಕ್ಕೇರಿಯ ಅಘೋರೇಶ್ವರ ದೇವಾಲಯ ಮತ್ತು ನಗರದ ಕೋಟೆಯನ್ನು ನೋಡಿ, ಬಾಳೆಬರೆ ಘಾಟಿಯಲ್ಲಿ ಇಳಿದು, ಮರುದಿನ ಮಂಗಳೂರನ್ನು ನೋಡುವಂತಿದ್ದರೆ ಚೆನ್ನ. ಎರಡೂ ಕಡೆಯ ಪದವಿ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳನ್ನು ಆರಿಸಿ, ಘಟ್ಟದ ಮೇಲಿನವರನ್ನು ಕೆಳಗೂ ಕೆಳಗಿನವರನ್ನು ಮೇಲೂ ಕರೆದೊಯ್ದು ಒಟ್ಟಿಗೆ ತರಬೇತಿ ಕೊಡಬೇಕು. ಅವರ ವಿವರಣೆ ಮೊದಲು ಕನ್ನಡದಲ್ಲಿ ಇರಬೇಕು, ದಿನಗೂಲಿಯೂ ಮರ್ಯಾದೆಯಾಗಿರಬೇಕು. ಡಿಸೆಂಬರಿನಲ್ಲಿ ಶಾಲಾ ಪ್ರವಾಸಗಳು ಹೊರಡುತ್ತವೆ. ಅಷ್ಟರೊಳಗೆ ನಗರದ ಕೋಟೆಯಲ್ಲಿ ಇಬ್ಬರು ಗೈಡುಗಳಾದರೂ ಇರುವಂತಾದರೆ, ಬತ್ತೇರಿಯಲ್ಲಿ ನನ್ನನ್ನು ಕೇಳಿದ ಆ ಯುವತಿಗೆ ನಾನೇ ಫೋನ್ ಮಾಡಿ ಬರಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ