ಕನ್ನಂಬಾಡಿ ಅಂತ ಒಂದು ಊರಿತ್ತು ಕಣೋ

ಗೆಳೆಯಾ,

ಮೊನ್ನೆ ಫೋನಿನಲ್ಲಿ ‘ಕಟ್ಟೆ ತುಂಬಿತಾ?’ ಅಂತ ಕೇಳಿದೆಯಲ್ಲ, ಆಗಿನಿಂದ ಇದು ತಲೆಯಲ್ಲೇ ಇದೆ. ಕೃಷ್ಣರಾಜಸಾಗರ ಅಂತ ಬೋರ್ಡಿನಲ್ಲಿ ಬರೆದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಕನ್ನಂಬಾಡಿ ಕಟ್ಟೆ. ಆದರೆ ಆ ಹೆಸರು ಕೊಟ್ಟ ಊರು ಅದೇ ನೀರಿನ ಕೆಳಗೆ ಹೋಯಿತು. ಚಿಕ್ಕಂದಿನಲ್ಲಿ ಇದನ್ನು ನಮಗೆ ಯಾರೂ ಹೇಳಲೇ ಇಲ್ಲ, ಅಲ್ವಾ?

ಕೆಲಸ ಶುರುವಾಗಿದ್ದು 1911ರಲ್ಲಿ. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್. ಮಂಡ್ಯದ ಒಣ ಭೂಮಿಗೆ ನೀರು ಬೇಕಿತ್ತು, ಬೇಸಿಗೆಯಲ್ಲೂ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ನಿಲ್ಲದೆ ಹೋಗಬೇಕಿತ್ತು. ಕಾವೇರಿಯ ಕೆಳಗಿನ ಪಾತ್ರದಲ್ಲಿದ್ದ ಮದ್ರಾಸಿನವರು ಮೊದಲು ಒಪ್ಪಿದ್ದು 80 ಅಡಿ ಎತ್ತರಕ್ಕೆ ಮಾತ್ರ. ವಿಶ್ವೇಶ್ವರಯ್ಯನವರು ಮಾತ್ರ ಮುಂದೆ ಎತ್ತರಿಸೋದಕ್ಕೆ ಆಗುವ ಹಾಗೆ ಅಡಿಪಾಯವನ್ನು ಮೊದಲೇ ಅಗಲವಾಗಿ ಹಾಕಿಸಿದರು. ಮೈಸೂರು-ಮದ್ರಾಸಿನ ಆಗಿನ ಜಗಳ ಮುಗಿದದ್ದು 1924ರ ಒಪ್ಪಂದದಲ್ಲಿ. ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆಯಲ್ಲಿ ಗೋಡೆ ಏರುತ್ತಾ ಹೋಯಿತು. ಅದರ ಹಿಂದೆ ನೀರೂ ಏರಿತು.

ಕಟ್ಟೆಯನ್ನು ನಾನು ಬೈಯಲಾರೆ. ನಮ್ಮ ಅಜ್ಜನ ಗದ್ದೆಗೆ ನಾಲೆ ನೀರು ಬಂದಿದ್ದರಿಂದಲೇ ಅಪ್ಪ ಓದಿದ್ದು. ಆದರೆ ಆ ಅನ್ನ ಉಣ್ಣುವಾಗ, ಇನ್ಯಾರೋ ತಮ್ಮ ಗದ್ದೆ, ಬಾವಿ, ಹಿತ್ತಿಲು, ದನ ಕಟ್ಟುತ್ತಿದ್ದ ಗೂಟ ಎಲ್ಲ ಬಿಟ್ಟು ಗಾಡಿ ಹೂಡಿದ್ದು ಈಗೀಗ ಜಾಸ್ತಿ ನೆನಪಾಗುತ್ತದೆ.

ಊರಿನ ವೇಣುಗೋಪಾಲಸ್ವಾಮಿ ಗುಡಿ ಹೊಯ್ಸಳರ ಕಾಲದ್ದು. ಅದೂ ಮುಳುಗಿತು. ಸುಮಾರು 70 ವರ್ಷ ನೀರಲ್ಲೇ ಇತ್ತು, ಮಳೆ ಕೈಕೊಟ್ಟ ವರ್ಷ ಮಾತ್ರ ಹೊರಗೆ ಕಾಣುತ್ತಿತ್ತು. ಬರ ಬಂದರೆ ಗುಡಿ, ಮಳೆ ಬಂದರೆ ಬೆಳೆ. ಇದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ ಕಣೋ. ಆಮೇಲೆ ಖೋಡೆ ಪ್ರತಿಷ್ಠಾನದವರು ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಗುರುತು ಹಾಕಿ, ಹಿನ್ನೀರಿನ ದಡದಲ್ಲಿ ಹೊಸ ಕನ್ನಂಬಾಡಿ ಹತ್ತಿರ ಮತ್ತೆ ಜೋಡಿಸಿದರು. ಕಳೆದ ತಿಂಗಳು ಹೋಗಿದ್ದೆ. ಜನ ನೀರಿನ ಕಡೆ ತಿರುಗಿ ಫೋಟೋ ತೆಗೆಯುತ್ತಿದ್ದರು. ನಾನು ಸುಮ್ನೆ ಒಂದು ಕಂಬಕ್ಕೆ ಕೈ ಇಟ್ಟು ನಿಂತಿದ್ದೆ. ಗುಡಿ ಎದ್ದು ಬಂತು, ಸರಿ. ಅದರ ಸುತ್ತ ಇದ್ದ ಬೀದಿ, ಮನೆ? ಅವಕ್ಕೆ ಗುರುತು ಹಾಕಿದವರು ಯಾರೂ ಇರಲಿಲ್ಲ.

ಪ್ರತಿ ಮಳೆಗಾಲ ಪೇಪರಿನಲ್ಲಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅಂತ ಓದುತ್ತೇವೆ. ಭರ್ತಿಯಾದರೆ ಬಾಗಿನ ಬಿಡುತ್ತಾರೆ, ನಮ್ಮ ಮನೆಯಲ್ಲೂ ಎಲ್ಲರ ಮುಖ ಅರಳುತ್ತದೆ. ಈ ಸಲ ಆ ಅಂಕಿ ಓದಿದಾಗ ಮೊದಲ ಸಲ ನನಗೆ ಊರು ಕಣ್ಮುಂದೆ ಬಂತು.

ನಿನ್ನ ಅಜ್ಜಿ ಹಿನ್ನೀರಿನ ಕಡೆಯವರು ಅಂದಿದ್ದೆ. ಅವರ ತವರು ಯಾವ ಊರು ಅಂತ ಕೇಳಿ ಬರೆಯೋ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರಿ, ತಿದ್ದಬೇಡ.

ನಿನ್ನ ಗೆಳೆಯ